ಸರದಿಯಿಂದ ಬನ್ನಿ, ಸಾಹೇಬರೇ!

ಮೊನ್ನೆ ಸೋಮವಾರ ನಮ್ಮ ಬನಹಟ್ಟಿಯ ಬೈಪಾಸಿನಲ್ಲಿ ಪವಾಡ ನಡೆಯಿತು. ರಸ್ತೆ ಇಲಾಖೆಯವರು ಗುಂಡಿ ಮುಚ್ಚಲು ಬಂದರು!

ನಂಬಲಿಲ್ಲ, ಅಲ್ಲವೇ? ನಾನೂ ನಂಬಲಿಲ್ಲ. ದಿನಾ ಇದೇ ರಸ್ತೆಯ ಮೇಲೆ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ, ಕಾಲೇಜಿನ ಹುಡುಗರಿಗೆ ಇತಿಹಾಸ ಹೇಳಿ ಬರುವವನು ನಾನು. ಈ ರಸ್ತೆಯ ಗುಂಡಿಗಳು ನನಗೆ ಬೀಗರಿಗಿಂತ ಹೆಚ್ಚು ಪರಿಚಯ. ಯಾವ ಗುಂಡಿ ಬಂದಾಗ ಸೀಟಿನಿಂದ ಎಷ್ಟು ಏಳಬೇಕು, ಯಾವುದಕ್ಕೆ ಮುಂದಿನ ಸರಳು ಹಿಡಿಯಬೇಕು, ಯಾವುದಕ್ಕೆ ಬಾಯಿ ಮುಚ್ಚಿಕೊಳ್ಳಬೇಕು (ಮಾತಾಡುತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತದೆ) ಎಲ್ಲ ಬಾಯಿಪಾಠ. ಈ ರಸ್ತೆ ಆದಾಗಿನಿಂದ ಅದರ ಮೇಲೆ ಒಂದು ಬುಟ್ಟಿ ಜಲ್ಲಿ ಕಡಿ ಬಿದ್ದದ್ದನ್ನು ನಾನು ನೋಡಿಲ್ಲ.

ಅಂಥ ರಸ್ತೆಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಉಸುಕು, ಕಡಿ, ಸಿಮೆಂಟು. ಹಿಂದೆ ಜೀಪು. ಜೀಪಿನಲ್ಲಿ ಸಾಹೇಬರು. ಹಾದಿಯುದ್ದಕ್ಕೂ ಬಾಯಿ ತೆರೆದು ಕೂತಿದ್ದ ಗುಂಡಿಗಳನ್ನೆಲ್ಲ ದಾಟಿಕೊಂಡು, ಎದ್ದು ಬಿದ್ದು, ನೆಟ್ಟಗೆ ನಮ್ಮ ನೀಲವ್ವತ್ತಿಯ ಮುಂದೆ ಬಂದು ನಿಂತರು. ಅವರಿಗೆ ಮುಚ್ಚಬೇಕಾಗಿದ್ದದ್ದು ಎರಡೇ ಎರಡು ಕುಣಿ. ಅವೂ ರಸ್ತೆ ಕೆಟ್ಟು ಬಿದ್ದ ಗುಂಡಿಗಳಲ್ಲ. ನನ್ನ ಸೋದರತ್ತೆ ನೀಲವ್ವ ತನ್ನ ಮಗ್ಗದ ನೂಲು ಬಿಗಿಯಲು ಗೂಟ ನಿಲ್ಲಿಸುವ ಕುಣಿಗಳು.

ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ತಡೀರಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಕ್ಲಾಸಿನಲ್ಲಿ ಬಾದಶಹರು ಕಟ್ಟಿಸಿದ ಹೆದ್ದಾರಿಗಳ ಪಾಠ ಮಾಡುತ್ತೇನೆ. ನಮ್ಮ ಬೈಪಾಸಿನ ಇತಿಹಾಸ ಯಾವ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ ಹುಡುಗರು ನಿದ್ದೆ ಮಾಡದೆ ಕೇಳುತ್ತಿದ್ದರು.

ಪೇಟೆಯೊಳಗಿನ ರಸ್ತೆ ಇಕ್ಕಟ್ಟು. ನೂಲಿನ ಗಂಟು ಹೇರಿದ ಗಾಡಿ, ಸೈಕಲ್ಲು, ಕಬ್ಬಿನ ಟ್ರ್ಯಾಕ್ಟರು, ನಡುವೆ ಒಂದು ಎಮ್ಮೆ. ಜಮಖಂಡಿಯಿಂದ ಬಂದ ಲಾರಿ ರಬಕವಿ ಮುಟ್ಟುವಷ್ಟರಲ್ಲಿ ಡ್ರೈವರನ ಚಹಾ, ಬೀಡಿ, ಬೈಗುಳ ಎಲ್ಲ ಮುಗಿದಿರುತ್ತಿತ್ತು. ಊರ ಹೊರಗಿನಿಂದ ಒಂದು ನೇರ ರಸ್ತೆಯಾಗಲಿ ಎಂದರು. ಒಳ್ಳೆಯ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಕ್ಷೆಯಲ್ಲಿ ಅದು ಪಟ್ಟಿ ಇಟ್ಟು ಎಳೆದ ಗೆರೆ. ನೆಲಕ್ಕೆ ಇಳಿಯಿತು ನೋಡಿ, ಬಾಗಲು ಶುರು! ಮೊದಲು ಒಬ್ಬ ಧಣಿಯ ನಿಂಬೆ ತೋಟ ಬಂತು. ಹಸಿರು ಗಿಡ ಕಡಿಯುವುದು ಪಾಪವಲ್ಲವೇ? ರಸ್ತೆ ಎಡಕ್ಕೆ ಬಾಗಿತು. ಆಮೇಲೆ ಒಬ್ಬ ಪುಢಾರಿಯ ಕಬ್ಬು. ಬಲಕ್ಕೆ ಬಾಗಿತು. ಮುಂದೆ ಒಬ್ಬ ಸಾಹುಕಾರ ಪೆಟ್ರೋಲ್ ಪಂಪ್ ಹಾಕುವವನಿದ್ದ. ಅಲ್ಲಿ ರಸ್ತೆ ತಪ್ಪಿಸಿಕೊಂಡು ಹೋಗಲು ಬಾಗಲಿಲ್ಲ, ಹುಡುಕಿಕೊಂಡು ಹೋಗಿ ಅವನ ಬಾಗಿಲಿಗೇ ಬಾಗಿತು. ಇವತ್ತಿಗೂ ನಮ್ಮ ಕಂಡಕ್ಟರು ಸ್ಟಾಪು ಕೂಗುವುದು ಹೀಗೆ: "ನಿಂಬಿ ತಿರುವು ಯಾರ್ರೀ? ಕಬ್ಬಿನ ತಿರುವು? ಲಗೂನ ಇಳೀರಿ!"

ಇಷ್ಟೆಲ್ಲ ನುಲಿದುಕೊಂಡು ಬಂದ ರಸ್ತೆ ಒಂದೇ ಒಂದು ಕಡೆ ನೇರವಾಗಿದೆ. ನಮ್ಮ ನೇಕಾರ ಓಣಿಯ ಹಿಂದಿನ ಬಯಲಿನಲ್ಲಿ. ನಕ್ಷೆ ಹಿಡಿದು ಬಂದವರು ನೋಡಿದರು. ಉದ್ದಕ್ಕೆ, ಮಟ್ಟಸವಾದ ಜಾಗ. ಕಲ್ಲಿಲ್ಲ, ಮುಳ್ಳಿಲ್ಲ, ತಿಪ್ಪೆಯಿಲ್ಲ, ಕಟ್ಟಿದ ದನವಿಲ್ಲ. 'ಖಾಲಿ ಜಾಗ' ಎಂದು ಗುರುತು ಹಾಕಿಕೊಂಡು ಹೋದರು.

ಅಲ್ಲ, ನಮ್ಮ ಕಡೆ ಊರ ಪಕ್ಕದ ಬಯಲು ತಾನಾಗಿಯೇ ಅಷ್ಟು ಸ್ವಚ್ಛ ಇರುತ್ತದೆಯೇ? ಯಾರಾದರೂ ಒಂದು ಮಾತು ಕೇಳಬಾರದಿತ್ತೇ?

ಅದು ಹಾಸಿನ ಬಯಲು. ಸೀರೆಯಲ್ಲಿ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುಂಚೆ ಆ ಎಳೆಗಳನ್ನೆಲ್ಲ ಎರಡು ಗೂಟಗಳ ನಡುವೆ ಬಿಗಿದು, ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಬಿಸಿಲು ಚುರುಗುಟ್ಟುವ ಮೊದಲು, ಗಾಳಿ ಏಳುವ ಮೊದಲು ಮುಗಿಯಬೇಕು. ಗಂಜಿ ಹಸಿ ಇದ್ದಾಗ ಧೂಳು ಕೂತರೆ ಆ ಹಾಸು ಕೆಟ್ಟಂತೆಯೇ. ಅದಕ್ಕೇ ನಮ್ಮ ಹಿರಿಯರು ಅಲ್ಲಿ ಒಂದು ಕೋಳಿಗೂಡು ಕಟ್ಟಲೂ ಬಿಡಲಿಲ್ಲ. ಹೆಂಗಸರು ದಿನಾ ಕಸ ಹೊಡೆದರು, ನೀರು ಚಿಮುಕಿಸಿದರು. ಒಂದು ಜಾಗವನ್ನು ಖಾಲಿ ಇಡುವುದೂ ದುಡಿಮೆಯೇ ಸ್ವಾಮಿ. ಆ ದುಡಿಮೆ ನಕ್ಷೆಯಲ್ಲಿ ಬರುವುದಿಲ್ಲ.

ಆ ಬಯಲಿಗೆ ಒಂದು ರೀತಿಯಿತ್ತು. ಹಾಸು ಕಟ್ಟಿದ ಮೇಲೆ ಯಾರೂ ಅದನ್ನು ದಾಟುವ ಹಾಗಿಲ್ಲ. ಮೇಲೆ ಜಿಗಿಯುವಂತಿಲ್ಲ, ಕೆಳಗೆ ನುಸುಳುವಂತಿಲ್ಲ. ಗೌಡರಿರಲಿ, ಫೌಜದಾರರಿರಲಿ, ಗೂಟ ಸುತ್ತಿಕೊಂಡೇ ಹೋಗಬೇಕು. ಮದುವೆಯ ಮೆರವಣಿಗೆ ಬಂದರೆ ವಾಜಂತ್ರಿಯವರೂ ಮದುಮಗನೂ ಸುತ್ತು ಹಾಕುತ್ತಿದ್ದರು. ನಮ್ಮ ಮಾವ, ಅಂದರೆ ನೀಲವ್ವತ್ತಿಯ ಗಂಡ, ತೀರಿಕೊಂಡ ಮುಂಜಾನೆ ಪಕ್ಕದ ಮನೆಯವರ ಹಾಸು ಕಟ್ಟಿತ್ತು. ಗಂಜಿ ಇನ್ನೂ ಹಸಿ. ಮಾವನನ್ನು ಮಣ್ಣಿಗೆ ಒಯ್ಯುತ್ತಿದ್ದ ನಾವು ಆ ತುದಿಯ ತನಕ ಹೋಗಿ, ಗೂಟ ಸುತ್ತಿ, ಈ ಕಡೆ ಬಂದೆವು. ನಾನೂ ಹೆಗಲು ಕೊಟ್ಟಿದ್ದೆ. ಮಾವನಿಗೆ ಇದು ಅವಮಾನ ಎಂದು ಯಾರಿಗೂ ಅನ್ನಿಸಲಿಲ್ಲ. ಜೀವಮಾನವೆಲ್ಲ ನೇಯ್ದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ರಸ್ತೆ ಬರುತ್ತದೆ ಎಂದಾಗ ಓಣಿಯವರು ಕೂಗಾಡಿದರು. ಕಚೇರಿಗೆ ಹೋದರು, ಬಂದರು, ಮತ್ತೆ ಹೋದರು. ನಿಂಬೆ ಗಿಡದ ಮಾತು ಕೇಳಿಸಿದ ಕಿವಿಗಳಿಗೆ ನಮ್ಮ ಮಾತು ಕೇಳಿಸಲಿಲ್ಲ. ಕಡೆಗೆ ಡಾಂಬರು ಹಾಕುವ ದಿನ ಬಂತು. ಅವತ್ತು ಅತ್ತಿ ಏನು ಮಾಡಿದಳು ಗೊತ್ತೇ? ತನ್ನ ಎರಡು ಗೂಟಗಳನ್ನು ತಂದು ಹಳೆಯ ಕುಣಿಗಳಲ್ಲಿ ನಿಲ್ಲಿಸಿ, ಒಂದರ ಬುಡದಲ್ಲಿ ಕೂತುಬಿಟ್ಟಳು.

ರೋಲರಿನವನು ಗಲಗಲಿ ಕಡೆಯವನು. "ಯವ್ವಾ, ಗೂಟ ಕೀಳ. ರೋಲರ್ ಬರತೈತಿ" ಎಂದ.

"ಬರಲಿ. ಸುತ್ತ ಹಾಕ್ಕೊಂಡ ಬರಲಿ" ಎಂದಳು ಅತ್ತಿ.

ಅವನು ಅವಳ ಮುಖ ನೋಡಿದ, ಗೂಟ ನೋಡಿದ, ನಕ್ಕ. ಗೂಟದ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ರೋಲರ್ ಓಡಿಸಿ ಹೋದ. ಹೀಗೆ ಡಾಂಬರಿನ ನಡುವೆ ಎರಡು ಕುಣಿಗಳು ಉಳಿದವು. ಕೆಲಸ ಮುಗಿದ ಮೇಲೆ ಗೂಟ ಕಿತ್ತು ಕಲ್ಲಿನ ಬಿಲ್ಲೆ ಮುಚ್ಚಿಬಿಟ್ಟರೆ, ಮೇಲೆ ಲಾರಿ ಹೋದರೂ ಅಲ್ಲಾಡುವುದಿಲ್ಲ. ಓಣಿಯ ಕೈಮಗ್ಗದವರು ಇವತ್ತಿಗೂ ಸರದಿಯ ಮೇಲೆ ಅಲ್ಲೇ ಹಾಸು ಕಟ್ಟುತ್ತಾರೆ. ಡಾಂಬರಿನ ಅಗಲ ಒಂದು ಬಸ್ಸಿನಷ್ಟು, ಎರಡೂ ಬದಿ ಇಳಿಜಾರು. ಹಾಸು ಇದ್ದಾಗ ಗಾಡಿಗಳು ನಿಲ್ಲುತ್ತವೆ, ಇಲ್ಲವೇ ಹಳೆಯ ಪೇಟೆ ರಸ್ತೆಗೆ ತಿರುಗುತ್ತವೆ. ಬೈಪಾಸಿಗೇ ಬೈಪಾಸು! ನಮ್ಮ ಡ್ರೈವರ್ ಹುಸೇನಸಾಬ ಎಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಪೇಪರು ಹರವಿಕೊಳ್ಳುತ್ತಾನೆ. ಹೊಗೆ ತಾಗಿದರೆ ನೂಲು ಕಪ್ಪಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಬಕವಿಯಲ್ಲಿ ಅವನ ಮನೆಯಲ್ಲೂ ಮಗ್ಗವಿದೆ.

ದವಾಖಾನೆಗೆ ಹೋಗುವ ಗಾಡಿ ಬಂದರೆ ಏನು ಗತಿ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಹೋದ ವರ್ಷ ಚಿಮ್ಮಡದಿಂದ ಒಬ್ಬ ಬಸುರಿಯನ್ನು ಟೆಂಪೊದಲ್ಲಿ ತಂದರು. ಒಳಗಿನಿಂದ ನರಳಾಟ. ಅವತ್ತು ಕಟ್ಟಿದ್ದು ಅತ್ತಿಯದೇ ಹಾಸು, ಗಂಜಿ ಸವರಿ ಮುಗಿದಿರಲಿಲ್ಲ. ಯಾರೂ ಏನೂ ಹೇಳುವ ಮುಂಚೆ ಅವಳೇ ಗೂಟ ಕಿತ್ತು, ಹಸಿ ಹಾಸನ್ನು ಇಳಿಜಾರಿನ ಮಣ್ಣಿಗೆ ಕೆಡವಿ, "ಹೋಗ್ರಿ, ಹೋಗ್ರಿ" ಎಂದು ಕೈಬೀಸಿದಳು. ಆ ನೂಲು ಮತ್ತೆ ಮಗ್ಗಕ್ಕೆ ಏರಲಿಲ್ಲ. ಅವಳು ಅದರ ಮಾತೂ ಎತ್ತಲಿಲ್ಲ. ಜೀವಕ್ಕೆ ದಾರಿ ಬಿಡುವುದು ನಮ್ಮ ಓಣಿಗೆ ಗೊತ್ತು. ಜಂಬಕ್ಕೆ ದಾರಿ ಬಿಡುವುದು ಮಾತ್ರ ಗೊತ್ತಿಲ್ಲ.

ಈಗ ಸಾಹೇಬರ ಕಡೆ ಬರೋಣ. ಹೋದ ವಾರ ಇಲಾಖೆಗೆ ಹೊಸಬರು ಬಂದರು. ಮೈಸೂರು ಕಡೆಯ ತರುಣ. ಇಸ್ತ್ರಿ ಅಂಗಿ, ಮೆತ್ತನೆಯ ಮಾತು. ಅವರ ಜೀಪು ನಮ್ಮ ಬಸ್ಸಿನ ಬೆನ್ನಿಗೆ ಬಂದು ನಿಂತಿತು. ಹಾರ್ನ್ ಮೇಲೆ ಹಾರ್ನ್. ಹುಸೇನಸಾಬ ಕಿಟಕಿಯಿಂದ ಕೈ ಹೊರಗೆ ಹಾಕಿ, ತಡೀರಿ ಎಂದು ಸನ್ನೆ ಮಾಡಿದ. ಸಾಹೇಬರು ಇಳಿದು ಬಂದರು.

"ಏನಮ್ಮಾ ಇದು? ರೋಡ್ ಮೇಲೆ ಹೀಗೆಲ್ಲ ಮಾಡಬಾರದು. ಇದು ಸಾರ್ವಜನಿಕರ ರಸ್ತೆ."

ಅತ್ತಿ ಕುಂಚ ನಿಲ್ಲಿಸಲಿಲ್ಲ. "ನಾವ್ಯಾರ್ರಿ ಮತ್ತ? ಸರ್ಕಸ್ಸಿನವ್ರೇನು?"

"ಹಾಗಲ್ಲಮ್ಮಾ. ನನಗೆ ಜಮಖಂಡಿಯಲ್ಲಿ ಮೀಟಿಂಗಿದೆ."

"ಪ್ಯಾಟಿ ರಸ್ತಾ ಐತ್ರಿ. ಸುತ್ತ ಹಾಕ್ಕೊಂಡ ಹೋಗ್ರಿ."

"ನಾನು ಯಾಕೆ ಸುತ್ತು ಹಾಕಬೇಕು?"

ಈಗ ಕುಂಚ ನಿಂತಿತು. ಅತ್ತಿ ಸೆರಗಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. "ಸಾಹೇಬ್ರ, ನನ್ನ ಗಂಡನ ಹೆಣಾನ ಇಲ್ಲಿ ಸುತ್ತ ಹಾಕ್ಕೊಂಡ ಹೋಗೇತಿ. ನಿಮ್ಮ ಜೀಪಿಂದೇನ ದೊಡ್ಡಸ್ತಿಕಿ?"

ಸಾಹೇಬರ ಮುಖ ಕೆಂಪಾಯಿತು. ಹೋಗುವಾಗ ಕುಣಿಗಳ ಕಡೆ ಬೆರಳು ಮಾಡಿ ಹೇಳಿದರು: "ಈ ಗುಂಡಿಗಳಿರೋದ್ರಿಂದಲೇ ಇದೆಲ್ಲ. ಸೋಮವಾರ ಕಾಂಕ್ರೀಟ್ ಹಾಕಿ ಮುಚ್ಚಿಸ್ತೀನಿ."

ಭಾನುವಾರ ಅತ್ತಿಯ ಮನೆಗೆ ಹೋದೆ. ಸುತ್ತಲಿನ ಮನೆಗಳಲ್ಲಿ ಪವರ್‌ಲೂಮುಗಳು ಖಟಖಟ ಎನ್ನುತ್ತಿದ್ದವು. ಅವಳ ಮನೆಯಲ್ಲಿ ಒಂದೇ ಕೈಮಗ್ಗ, ಅದರ ಮುಂದೆ ಅವಳು. ನನಗೆ ಹೆದರಿಕೆಯಾಗಿತ್ತು, ಮುಚ್ಚಿಡುವುದೇಕೆ? ಗಂಜಿ ಹಾಕುವ ಕಾರಖಾನೆಗೆ ನೂಲು ಕೊಡಬಹುದಲ್ಲ ಎಂದು ಕೇಳಿದೆ.

"ಅವ್ರು ನನ್ನಂಥವ್ರ ಚೂರುಪಾರು ನೂಲು ತಗೊಳ್ಳಂಗಿಲ್ಲೋ ತಮ್ಮಾ. ಬಾಗಲದಾಗಿಂದನ ಕಳಸ್ತಾರ" ಎಂದಳು. ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತಲೇ ಇತ್ತು. "ಕುಣಿ ಹೋದ್ರ ಮಗ್ಗ ಹೋತು. ಮಗ್ಗ ಹೋದ್ರ ನಾ ಕಟ್ಟಿಮ್ಯಾಲೆ ಕುಂತು, ಬರೋರ್ನ ಹೋಗೋರ್ನ ನೋಡೋ ಮುದುಕಿ ಆಗ್ಬೇಕು. ನಾ ಆಗಂಗಿಲ್ಲ."

ನಾನು ಹೊರಡಲು ಎದ್ದೆ. "ಚಾ ಕುಡದ ಹೋಗ. ಮುಂಜಾನೆ ಬಸ್ಸಿಗೆ ಬರ್ತೀಯಲ್ಲ, ಆಗ ನೋಡೂಣು" ಎಂದಳು.

ಸೋಮವಾರ ಬಂತು. ಅತ್ತಿ ಅವತ್ತು ಹಾಸು ಕಟ್ಟಿರಲಿಲ್ಲ. ಬರೀ ಗೂಟಗಳನ್ನು ನಿಲ್ಲಿಸಿ, ಒಂದರ ಪಕ್ಕ ಕೂತಿದ್ದಳು. ನಮ್ಮ ಬಸ್ಸು ನಿಂತಿತು. ಇಲಾಖೆಯ ಟ್ರ್ಯಾಕ್ಟರು ಮತ್ತು ಜೀಪು ಗೂಟಗಳ ಆ ಕಡೆ ನಿಂತವು. ಕೆಲಸಗಾರರು ಉಸುಕು, ಕಡಿ, ಸಿಮೆಂಟು ಸುರಿದರು. ಕಲಸಲು ನೀರು ಬೇಕಾಯಿತು. ನಲ್ಲಿ ಇರುವುದು ಅತ್ತಿಯ ಮನೆಯ ಮುಂದೆ. ಅವಳೇ ಎದ್ದು ಹೋಗಿ ಕೊಡ ತುಂಬಿ ತಂದುಕೊಟ್ಟಳು!

ನಾನು ಬಸ್ಸಿನಿಂದ ಇಳಿದು ಓಡಿದೆ. "ಅತ್ತಿ, ನಿನ್ನ ಕುಣಿ ಮುಚ್ಚೋರಿಗೆ ನೀನ ನೀರ ಕೊಡ್ತೀ?"

"ಸುಮ್ನಿರಲೇ. ಕಲಸಲಿ. ಹಸಿ ಆತಂದ್ರ ಅದು ಯಾರ್ನೂ ಕಾಯಂಗಿಲ್ಲ" ಎಂದು ಮೆಲ್ಲಗೆ ಅಂದಳು.

ಕಲಸಿ ಮುಗಿಯಿತು. ಬುಟ್ಟಿ ತುಂಬಿದವು. ಆಗ ಅತ್ತಿ ಸಾಹೇಬರ ಮುಂದೆ ಹೋಗಿ ನಿಂತಳು.

"ಮುಚ್ಚರಿ ಸಾಹೇಬ್ರ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸರದಿ ಅಂತ ಒಂದ ಐತಲ್ರಿ? ರೇಶನ್ ಅಂಗಡ್ಯಾಗ ನಮ್ಮನ್ನ ಸರದಿ ನಿಂದ್ರಸ್ತೀರಿ. ದವಾಖಾನ್ಯಾಗ ಸರದಿ ನಿಂದ್ರಸ್ತೀರಿ. ರಸ್ತೇದ ತಗ್ಗಿಗೂ ಸರದಿ ಇರಲಿ. ಈ ರಸ್ತಾ ಸುರು ಆಗೂ ಊರ ನಾಕಾದಿಂದ ಒಂದೊಂದ ಮುಚ್ಚಿಕೋತ ಬರ್ರಿ. ನನ್ನ ಕುಣಿ ಪಾಳಿ ಬಂದ ದಿನ ನಾನ ಗೂಟ ಕಿತ್ತ ಕೊಡ್ತೇನಿ."

ಸಾಹೇಬರು ತಬ್ಬಿಬ್ಬಾದರು. "ಅದು ಬೇರೆ ಅಮ್ಮಾ. ಅವಕ್ಕೆಲ್ಲ ಎಸ್ಟಿಮೇಟ್ ಆಗಬೇಕು, ಟೆಂಡರ್ ಆಗಬೇಕು."

ನನಗೆ ತಡೆಯಲಾಗಲಿಲ್ಲ. "ಈ ಎರಡಕ್ಕೆ ಯಾವಾಗ ಟೆಂಡರ್ ಆತ್ರಿ ಸರ?" ಎಂದೆ.

ಅಷ್ಟು ಸಾಕಾಯಿತು. ಬಸ್ಸಿಗೆ ಬಸ್ಸೇ ಇಳಿದು ಬಂತು. ಸಾವಳಗಿಯ ಒಬ್ಬ ವ್ಯಾಪಾರಿ ಮುಂದೆ ನುಗ್ಗಿದ. "ನಿಂಬಿ ತಿರುವಿನ ತಗ್ಗಿನ್ಯಾಗ ನನ್ನ ಬೆಲ್ಲದ ಪೆಂಟಿ ಉರುಳಿ ಹೋಗ್ಯಾವ್ರಿ. ಅದು ಮೊದಲ!"

"ಪಂಪಿನ ಮುಂದಿಂದ ನನ್ನ ಸೊಂಟ ಮುರದೈತಿ. ನಂದ ಮೊದಲ!" ಎಂದಳು ಒಬ್ಬ ಅಜ್ಜಿ.

"ಏ ಸರೀರಿ, ನನ್ನ ಬಸ್ಸಿನ ಸ್ಪ್ರಿಂಗ್ ಪಾಟಾ ಮುರದದ್ದ ಕಬ್ಬಿನ ತಿರುವಿನ್ಯಾಗ" ಎಂದ ಹುಸೇನಸಾಬ. ಯಾರ ಗುಂಡಿ ಮೊದಲು ಎಂದು ಜನರಲ್ಲೇ ಜಗಳ ಹತ್ತಿತು. (ಪ್ರಜಾಪ್ರಭುತ್ವ ಎಂದರೆ ಇದೇ ಇರಬೇಕು.) ಸಾಹೇಬರು ಕೈ ಎತ್ತಿ ಏನೋ ಹೇಳುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಕೆಲಸಗಾರರ ಮೇಸ್ತ್ರಿ ಬಂದ. "ಸಾಹೇಬ್ರ, ಮಾಲು ಗಟ್ಟಿ ಆಗಾಕತ್ತೈತಿ. ಎಲ್ಲಿ ಹಾಕೂಣು ಹೇಳ್ರಿ ಲಗೂನ."

ಸಾಹೇಬರು ಕುಣಿಯ ಕಡೆ ನೋಡಿದರು. ಅಲ್ಲಿ ಅತ್ತಿ ಮತ್ತೆ ಕೂತಾಗಿತ್ತು. ಅವಳ ಪಕ್ಕದಲ್ಲಿ ಓಣಿಯ ಹೆಂಗಸರು. ಇನ್ನೊಂದು ಗೂಟದ ಬಳಿ ಬೆಲ್ಲದ ವ್ಯಾಪಾರಿ, ಸೊಂಟದ ಅಜ್ಜಿ, ನಾನು. ಎಬ್ಬಿಸಲು ಯಾರಿಗೆ ಧೈರ್ಯ?

ಹುಸೇನಸಾಬ ಹೋಗಿ ಬಸ್ಸು ಹತ್ತಿ, ಅದನ್ನು ಸ್ವಲ್ಪ ಹಿಂದಕ್ಕೆ ತೆಗೆದ. ಮುಂದಿನ ಗಾಲಿ ಕೂತಿದ್ದ ಜಾಗದಲ್ಲಿ ಒಂದು ಎಮ್ಮೆ ಕರು ಮಲಗುವಷ್ಟು ದೊಡ್ಡ ಗುಂಡಿ. ಕಿಟಕಿಯಿಂದ ತಲೆ ಹಾಕಿ ಹೇಳಿದ: "ಇಲ್ಲಿ ಹಾಕ್ರಿ. ತಯಾರ್ ಐತಿ."

ಹಾಕಿದರು! ಮತ್ತೇನು ಮಾಡುತ್ತಾರೆ? ಬುಟ್ಟಿಯ ಮೇಲೆ ಬುಟ್ಟಿ ಸುರಿದು ಸಾರಿಸಿ ಮಟ್ಟ ಮಾಡಿದರು. ನಮ್ಮ ಬೈಪಾಸಿನ ಇತಿಹಾಸದಲ್ಲೇ ಮುಚ್ಚಿದ ಮೊದಲ ಗುಂಡಿ. ಜನ ಸೀಟಿ ಹೊಡೆದರು. ಮೇಸ್ತ್ರಿ 'ಯಾರೂ ಹಾಯಬ್ಯಾಡ್ರಿ' ಎಂದು ಸುತ್ತ ಕಲ್ಲಿಟ್ಟ. ಅತ್ತಿ ಎದ್ದು ಹೋಗಿ ಜಾಲಿ ಮುಳ್ಳಿನ ಕಂಟಿ ತಂದು ಅಡ್ಡ ಹಾಕಿದಳು.

ಸಾಹೇಬರಿಗೆ ಅವತ್ತು ರಬಕವಿಯಲ್ಲಿ ಇನ್ನೊಂದು ಮೀಟಿಂಗಿತ್ತಂತೆ. ಜೀಪು ಹತ್ತಿ, "ನಡಿ" ಎಂದರು. ಎಲ್ಲಿಗೆ ನಡೆಯುವುದು? ಮುಂದೆ ಅವರದೇ ಇಲಾಖೆಯ ಹಸಿ ಕಾಂಕ್ರೀಟು.

"ಹಸಿ ಐತ್ರಿ ಸಾಹೇಬ್ರ. ದಾಟಂಗಿಲ್ಲ" ಎಂದಳು ಅತ್ತಿ. ದನಿಯಲ್ಲಿ ಕುಹಕವಿರಲಿಲ್ಲ, ಬಯಲಿನ ಹಳೆಯ ರೀತಿಯನ್ನು ಹೇಳುವಂತೆ ಹೇಳಿದಳು. "ಪ್ಯಾಟಿ ರಸ್ತಾ ಐತಲ್ಲ. ಸುತ್ತ ಹಾಕ್ಕೊಂಡ ಹೋಗ್ರಿ."

ಹೋದರು. ಸುತ್ತು ಹಾಕಿಕೊಂಡೇ ಹೋದರು. ನಮ್ಮ ಬಸ್ಸಿಗೂ ಪೇಟೆ ರಸ್ತೆಯೇ ಗತಿಯಾಯಿತು, ಆದರೆ ಒಬ್ಬ ಪ್ಯಾಸೆಂಜರೂ ಗೊಣಗಲಿಲ್ಲ. ಕಾಲೇಜಿಗೆ ತಡವಾಗಿ ಹೋಗಿ, 'ಬೈಪಾಸಿನಲ್ಲಿ ಗುಂಡಿ ಮುಚ್ಚುತ್ತಿದ್ದರು ಸರ್' ಎಂದೆ. ನಮ್ಮ ಪ್ರಿನ್ಸಿಪಾಲರು ಇನ್ನೂ ನಂಬಿಲ್ಲ.

ಮರುದಿನ ಮುಂಜಾನೆ ಹಾಸು ಕಟ್ಟಿತ್ತು. ಅತ್ತಿಯದೇ. ಬಸ್ಸು ನಿಂತಿತು, ಹುಸೇನಸಾಬನ ಪೇಪರು ಹರಡಿತು. ನಾನು ಇಳಿದು ಹೋಗಿ ಕೇಳಿದೆ: "ಮತ್ತ ಬರ್ತೇನಿ ಅಂದಾರಂತಲ್ಲ ಅತ್ತಿ. ಖರೇನ ಎಲ್ಲಾ ತಗ್ಗು ಮುಚ್ಚಕೋತ ಇಲ್ಲೀತನಾ ಬಂದ್ರ?"

ಅವಳು ಎಳೆಗಳ ಮೇಲಿಂದ ಕುಂಚ ಎಳೆಯುತ್ತಲೇ ಇದ್ದಳು. "ಬರ್ಲಿ. ಆಡಿದ ಮಾತಿಗೆ ನಾ ತಪ್ಪಂಗಿಲ್ಲ. ಅವ್ರು ಇಲ್ಲೀತನಾ ಬರೂದ್ರೊಳಗ ಒಂದ ಮಳಿಗಾಲ ಬರಂಗಿಲ್ಲೇನು? ನಾಕಾದ್ದು ಮತ್ತ ತೆರಕೋತೈತಿ. ಮತ್ತ ಅಲ್ಲಿಂದ ಸುರು ಮಾಡ್ಲಿ."

ನನಗೆ ನಗು ಬಂತು. ಆದರೆ ಇದನ್ನು ನಗುವುದಕ್ಕೆಂದು ಬರೆಯುತ್ತಿಲ್ಲ. ಇಲಾಖೆಯವರೂ ಈ ಅಂಕಣ ಓದುತ್ತಾರೆಂದು ಕೇಳಿದ್ದೇನೆ, ಅವರಿಗೆಂದೇ ಬರೆಯುತ್ತಿದ್ದೇನೆ. ಈ ಸಲ ಟ್ರ್ಯಾಕ್ಟರ್ ತರುವಾಗ ನಾಕಾದ ಹತ್ತಿರವೇ ನಿಲ್ಲಿಸಿ. ನೀರು ಬೇಕಾದರೆ ನಮ್ಮ ಓಣಿಯಿಂದ ತಂದುಕೊಡುತ್ತೇವೆ, ಬುಟ್ಟಿಯನ್ನೂ ಹೊರುತ್ತೇವೆ. ಅದನ್ನು ಬಿಟ್ಟು ನೆಟ್ಟಗೆ ನೀಲವ್ವನ ಗೂಟಕ್ಕೆ ಬಂದಿರೋ, ಅವಳ ಪಕ್ಕ ನಾನೂ ಕೂತಿರುತ್ತೇನೆ. ಕಾಲೇಜಿಗೆ ರಜೆ ಹಾಕಿ ಕೂತಿರುತ್ತೇನೆ.

ನಿಂಬೆ ಗಿಡಕ್ಕೆ ಬಾಗಿ, ಕಬ್ಬಿಗೆ ಬಾಗಿ, ಪಂಪಿನ ಬಾಗಿಲಿಗೆ ಬಾಗಿ ಬಂದ ಈ ರಸ್ತೆ, ನಮ್ಮತ್ತಿಯ ನೂಲು ಒಣಗುವ ತನಕ ಸ್ವಲ್ಪ ನಿಂತರೆ ಅದರ ಡಾಂಬರೇನು ಕರಗಿ ಹೋಗುತ್ತದೆಯೇ?